ಜಯನಗರ ವಿಧಾನಸಭಾ ಕ್ಷೇತ್ರದ ಮುಂದೂಡಿದ ಚುನಾವಣೆ, 2018

ಬೆಂಗಳೂರಿನ ಜಯನಗರ ಕ್ಷೇತ್ರದ ಶಾಸಕ, ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಅವರು ಪ್ರಚಾರದ ನಡುವೆ ನಿಧನರಾದ ಕಾರಣ, 2018ರ ಮೇ 12ರ ಬದಲು ಜೂನ್ 11ರಂದು ನಡೆದ ಚುನಾವಣೆ. ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ 2,889 ಮತಗಳ ಅಂತರದಿಂದ ಗೆದ್ದರು. ಇದನ್ನು ಹಲವು ಕಡೆ ಉಪಚುನಾವಣೆ ಎಂದು ದಾಖಲಿಸಲಾಗಿದೆ, ಅದು ಸರಿಯಲ್ಲ.

ಕ್ಷೇತ್ರದ ಗಡಿ

ಜಯನಗರ ಬಡಾವಣೆಯೂ ಜಯನಗರ ಕ್ಷೇತ್ರವೂ ಒಂದೇ ಅಲ್ಲ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ನಂತರ ಬಡಾವಣೆಯ ಬ್ಲಾಕುಗಳು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿಹೋದವು. 198 ವಾರ್ಡುಗಳಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಜಯನಗರ ಎಂಬ ಹೆಸರಿನ ವಾರ್ಡೇ ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರಿತ್ತು. ಕನಕಪುರ ರಸ್ತೆಯ ಬದಿಯ ಕೆರೆಯಿಂದ ಹೆಸರಾದ ಯಡಿಯೂರು ವಾರ್ಡು ಪದ್ಮನಾಭನಗರದ ಪಾಲಿಗೆ ಬಂದಿತ್ತು. ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ ಜಯನಗರ ಕ್ಷೇತ್ರದಲ್ಲಿದ್ದವು. ಹೀಗಾಗಿ ಯಡಿಯೂರಿನವರು ಮೇ 12ರಂದೇ ಮತ ಹಾಕಿದರು. ಪಕ್ಕದ ಪಟ್ಟಾಭಿರಾಮನಗರದವರು ಮತ್ತೊಂದು ತಿಂಗಳು ಕಾದರು. ಇಡೀ ಜಯನಗರದಲ್ಲಿ ಮತದಾನ ನಿಂತಿತ್ತು ಎಂಬ ಮಾತು ಈ ಗಡಿಯನ್ನು ಗಮನಿಸಿದ್ದಲ್ಲ.

ಪುನರ್ವಿಂಗಡಣೆಗೆ ಮುನ್ನ ಕಾಂಗ್ರೆಸ್‌ನ ರಾಮಲಿಂಗಾ ರೆಡ್ಡಿ 1989ರಿಂದ ಜಯನಗರದ ಶಾಸಕರಾಗಿದ್ದರು. 2008ರಲ್ಲಿ ಅವರು ಹೊಸ ಬಿ.ಟಿ.ಎಂ. ಲೇಔಟ್ ಕ್ಷೇತ್ರಕ್ಕೆ ಹೋದರು. ಆ ವರ್ಷ ಜಯನಗರ ವಿಜಯಕುಮಾರ್ ಅವರಿಗೆ ಒಲಿಯಿತು. 2013ರಲ್ಲಿ ಬಿಜೆಪಿ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡರೂ ಅವರು 12,312 ಮತಗಳ ಅಂತರದಿಂದ ಗೆದ್ದರು.

ನಿಧನ ಮತ್ತು ಮುಂದೂಡಿಕೆ

2018ರ ಮೇ 3ರ ಗುರುವಾರ ಸಂಜೆ ಪಟ್ಟಾಭಿರಾಮನಗರದಲ್ಲಿ ಪ್ರಚಾರದಲ್ಲಿದ್ದಾಗ ವಿಜಯಕುಮಾರ್ ಕುಸಿದುಬಿದ್ದರು. ಜಯದೇವ ಹೃದ್ರೋಗ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಮಧ್ಯರಾತ್ರಿ ಕಳೆದು, ಮೇ 4ರ ನಸುಕಿಗೆ ಮುನ್ನ ನಿಧನರಾದರು. ಮತದಾನಕ್ಕೆ ಎಂಟು ದಿನ ಉಳಿದಿತ್ತು.

ಮುಂದಿನ ಕ್ರಮವನ್ನು ನಿರ್ಧರಿಸಿದ್ದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 52ನೇ ಕಲಂ. 1990ರ ದಶಕದ ತಿದ್ದುಪಡಿಗಳ ನಂತರ, ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. ಪಕ್ಷೇತರರು ತೀರಿಕೊಂಡರೆ ಹೋಗುವುದಿಲ್ಲ. ಬದಲಿ ಅಭ್ಯರ್ಥಿಯನ್ನು ಸೂಚಿಸಲು ಆ ಪಕ್ಷಕ್ಕೆ ಏಳು ದಿನಗಳ ಅವಕಾಶವಿದೆ. ಕಣದಲ್ಲಿರುವ ಉಳಿದವರು ಮತ್ತೆ ನಾಮಪತ್ರ ಸಲ್ಲಿಸಬೇಕಿಲ್ಲ. ಆಗಿನ ಸುದ್ದಿಗಳಲ್ಲಿ ಚುನಾವಣೆ ರದ್ದು ಎಂದೇ ಬರೆದದ್ದು ಇದು ಉಪಚುನಾವಣೆ ಎಂಬ ಮುಂದಿನ ಗೊಂದಲಕ್ಕೆ ದಾರಿಯಾಯಿತು. ಆಯ್ಕೆಯಾದ ಶಾಸಕರ ಸ್ಥಾನ ತೆರವಾದಾಗ ನಡೆಯುವುದು ಉಪಚುನಾವಣೆ. ಜಯನಗರದಲ್ಲಿ ನಡೆದದ್ದು ಸಾರ್ವತ್ರಿಕ ಚುನಾವಣೆಯದೇ ತಡವಾದ ಭಾಗ. ಅದೇ ಮೇ 28ರಂದು ಜಮಖಂಡಿಯ ಕಾಂಗ್ರೆಸ್ ಶಾಸಕ ಸಿದ್ದು ನ್ಯಾಮಗೌಡ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನವೆಂಬರ್‌ನಲ್ಲಿ ಅಲ್ಲಿ ನಡೆದದ್ದು ಉಪಚುನಾವಣೆ. ಅವರ ಮಗ ಆನಂದ ನ್ಯಾಮಗೌಡ ಗೆದ್ದರು.

ನಡುವಿನ ಒಂದು ತಿಂಗಳು

ರಾಶಿಗಟ್ಟಲೆ ಮತದಾರರ ಗುರುತಿನ ಚೀಟಿ ಸಿಕ್ಕ ಪ್ರಕರಣದಿಂದ ರಾಜರಾಜೇಶ್ವರಿನಗರದ ಮತದಾನವೂ ಮುಂದೆ ಹೋಗಿತ್ತು. ಹೀಗಾಗಿ ಮೇ 15ರಂದು ಹೊರಬಿದ್ದದ್ದು 224ರ ಪೈಕಿ 222 ಕ್ಷೇತ್ರಗಳ ಫಲಿತಾಂಶ: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ 19ರಂದು ರಾಜೀನಾಮೆ ಕೊಟ್ಟರು. ಕಾಂಗ್ರೆಸ್ ಬೆಂಬಲದೊಂದಿಗೆ ಎಚ್.ಡಿ. ಕುಮಾರಸ್ವಾಮಿ 23ರಂದು ಮುಖ್ಯಮಂತ್ರಿಯಾಗಿ, 25ರಂದು ವಿಶ್ವಾಸಮತ ಗೆದ್ದರು. ಹಾಗಾಗಿ ಸರ್ಕಾರದ ಉಳಿವು ಜಯನಗರದ ಮೇಲೆ ನಿಂತಿರಲಿಲ್ಲ.

ಬದಲಾದದ್ದು ಕಣದ ಲೆಕ್ಕ. ಮೇ ತಿಂಗಳಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಜೂನ್ ಹೊತ್ತಿಗೆ ಮಿತ್ರರಾಗಿದ್ದವು. ಜೂನ್ 5ರಂದು ಜೆಡಿಎಸ್‌ನ ಕಾಳೇಗೌಡ ಹಿಂದೆ ಸರಿದು ಕಾಂಗ್ರೆಸ್‌ಗೆ ಬೆಂಬಲ ಸಾರಿದರು. ಕಾಂಗ್ರೆಸ್ ಅಭ್ಯರ್ಥಿ ಸೌಮ್ಯಾ ರೆಡ್ಡಿ ರಾಮಲಿಂಗಾ ರೆಡ್ಡಿಯವರ ಮಗಳು. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಅವರನ್ನು ಕಣಕ್ಕಿಳಿಸಿತು.

ಫಲಿತಾಂಶ ಮತ್ತು ಅದರ ವ್ಯಾಖ್ಯಾನ

ಸುಮಾರು ಶೇ. 55ರಷ್ಟು ಮತದಾನವಾಯಿತು. ಜೂನ್ 13ರ ಎಣಿಕೆಯಲ್ಲಿ ಸೌಮ್ಯಾ ಅವರಿಗೆ 54,457, ಪ್ರಹ್ಲಾದ್ ಅವರಿಗೆ 51,568 ಮತಗಳು ಬಂದವು.

ಅಗಲಿದ ನಾಯಕನ ಮನೆಯವರಿಗೆ ಅನುಕಂಪ ಮತವಾಗಿ ಬರುತ್ತದೆ ಎಂಬ ಎಣಿಕೆ ಇಲ್ಲಿ ಫಲಿಸಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಮೂರು: ಜೆಡಿಎಸ್ ಹಿಂದೆ ಸರಿದದ್ದು, ಅಧಿಕಾರದಲ್ಲಿದ್ದ ಮೈತ್ರಿಯ ಅನುಕೂಲ, ರಾಮಲಿಂಗಾ ರೆಡ್ಡಿಯವರ ಹಳೆಯ ನೆಲೆ. ಯಾವುದರ ಪಾಲು ಎಷ್ಟು ಎಂಬುದನ್ನು ಮತಗಳ ಅಂಕಿಗಳಿಂದ ಬಿಡಿಸಿ ಹೇಳಲಾಗದು. ಯಡಿಯೂರು ಸೇರಿದ ಪದ್ಮನಾಭನಗರದಲ್ಲಿ ಮೇ 12ರಂದು ಆರ್. ಅಶೋಕ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಾಗ ಎರಡನೆಯ ಸ್ಥಾನ ಜೆಡಿಎಸ್‌ನದಾಗಿತ್ತು. ಅಲ್ಲಿ ಎದುರು ಮತಗಳು ಎರಡು ಪಕ್ಷಗಳಲ್ಲಿ ಒಡೆದಿದ್ದವು. ತಿಂಗಳ ನಂತರದ ಜಯನಗರದಲ್ಲಿ ಆ ಒಡಕಿಗೆ ಎಡೆ ಉಳಿದಿರಲಿಲ್ಲ. ಹಾಗೆಂದು ಮೇ 12ರಂದೇ ಮತದಾನವಾಗಿದ್ದರೆ ಬಿಜೆಪಿ ಖಂಡಿತ ಗೆಲ್ಲುತ್ತಿತ್ತು ಎನ್ನುವುದಕ್ಕೂ ಆಧಾರವಿಲ್ಲ.

ನಂತರದ ಬೆಳವಣಿಗೆ

ಜಯನಗರ, ಪದ್ಮನಾಭನಗರ ಎರಡೂ ಕ್ಷೇತ್ರಗಳನ್ನು ಒಳಗೊಂಡ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಸದಸ್ಯ, ಕೇಂದ್ರ ಸಚಿವ ಅನಂತಕುಮಾರ್ 2018ರ ನವೆಂಬರ್ 12ರಂದು ನಿಧನರಾದರು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರಿಂದ ಉಪಚುನಾವಣೆ ನಡೆಯಲಿಲ್ಲ. 2019ರಲ್ಲಿ ಬಿಜೆಪಿ ಅವರ ಪತ್ನಿ ತೇಜಸ್ವಿನಿಯವರ ಬದಲು ತೇಜಸ್ವಿ ಸೂರ್ಯ ಅವರಿಗೆ ಟಿಕೆಟ್ ನೀಡಿ ಗೆದ್ದಿತು.

2019ರ ಜುಲೈನಲ್ಲಿ ರಾಮಲಿಂಗಾ ರೆಡ್ಡಿ ಮೈತ್ರಿಯ ಅತೃಪ್ತ ಶಾಸಕರ ಜೊತೆ ರಾಜೀನಾಮೆ ಕೊಟ್ಟು, ಹಿಂತೆಗೆದುಕೊಂಡರು. 23ರಂದು ವಿಶ್ವಾಸಮತದಲ್ಲಿ 99–105ರಿಂದ ಸೋತು ಮೈತ್ರಿ ಸರ್ಕಾರ ಬಿದ್ದಾಗ ಅಪ್ಪ, ಮಗಳು ಇಬ್ಬರೂ ಸರ್ಕಾರದ ಪರ ಇದ್ದರು.

2023ರಲ್ಲಿ ಬಿಜೆಪಿ ವಿಜಯಕುಮಾರ್ ಕುಟುಂಬದ ಹೊರಗಿನ ಸಿ.ಕೆ. ರಾಮಮೂರ್ತಿ ಅವರನ್ನು ನಿಲ್ಲಿಸಿತು. ಮೇ 13ರಂದು ಎಸ್.ಎಸ್.ಎಂ.ಆರ್.ವಿ. ಕಾಲೇಜಿನಲ್ಲಿ ತಡರಾತ್ರಿಯವರೆಗೆ ನಡೆದ ಮರುಎಣಿಕೆಯ ನಂತರ ಅವರು ಸೌಮ್ಯಾ ರೆಡ್ಡಿ ಎದುರು 16 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು: 57,797ಕ್ಕೆ ಎದುರು 57,781. ತಿರಸ್ಕೃತ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ ಕ್ರಮಕ್ಕೆ ಕಾಂಗ್ರೆಸ್ ಆಕ್ಷೇಪಿಸಿತು; ಸೌಮ್ಯಾ ಹೈಕೋರ್ಟಿನ ಮೊರೆ ಹೋದರು. 2024ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಸ್ಪರ್ಧಿಸಿ ತೇಜಸ್ವಿ ಸೂರ್ಯ ಅವರೆದುರು ಸೋತರು.