ಕ್ಯಾಮೆರಾ ಮರಕುಂಬಿಗೆ ಬರಲಿಲ್ಲ



ನವಲಿಯವನು ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳೋದು ಒಂದೇ: 'ಆನೆಗೊಂದಿ, ಸಾಣಾಪುರ ನಿಮ್ ಕಡೆನೇ ಅಲ್ವಾ? ಸಿನಿಮಾದಲ್ಲಿ ಎಷ್ಟು ಚೆನ್ನಾಗ್ ಕಾಣ್ಸುತ್ತೆ!' ಹೌದ್ರಿ, ಚೆಂದನೇ ಐತಿ. ಬಂಡೆ, ಹೊಳಿ, ಭತ್ತದ ಗದ್ದೆ. 2005ರ 'ದಿ ಮಿಥ್' ಚಿತ್ರಕ್ಕೆ ಜಾಕಿ ಚಾನ್ ಕೂಡ ಹೊಳಿಯಾಚೆಯ ಹಂಪಿಗೆ ಬಂದಿದ್ದರು. ಆ ಗದ್ದೆಯಾಗ ನಾಟಿ ಹಚ್ಚೋ ಕೈ ಯಾವ ಕೇರಿಯವು ಅಂತ ಮಾತ್ರ ಹಾಡಿನಲ್ಲಿ ಕಾಣೋದಿಲ್ಲ.

ಇದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲ್ ಪ್ರವೇಶ ಇರಲಿಲ್ಲ. ಅದನ್ನು ಪ್ರಶ್ನಿಸಿದ್ದೇ ಊರೊಳಗೆ ಸಿಟ್ಟಾಗಿತ್ತು. 2014ರ ಆಗಸ್ಟ್ 28ರ ಗಲಾಟೆ ಶುರುವಾಗಿದ್ದು ಎಲ್ಲಿ ಅಂತೀರಿ? ಗಂಗಾವತಿಯ ಟಾಕೀಸಿನಲ್ಲಿ! ಸಿನಿಮಾ ಟಿಕೆಟಿನ ಜಗಳ ಊರಿಗೆ ಬಂತು, ನಮ್ಮವರ ಗುಡಿಸಲುಗಳಿಗೆ ಬೆಂಕಿ ಬಿತ್ತು. (ಬರೀ ಟಿಕೆಟ್ ಜಗಳ ಅನ್ನೋರು ಆ ಹೋಟೆಲ್ ಬಾಗಿಲು ಮರೀತಾರ.)

ಹತ್ತು ವರ್ಷ ಕೋರ್ಟಿಗೆ ಅಲೆದಾಟ. 2024ರ ಅಕ್ಟೋಬರ್ 24ರಂದು ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ 5 ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು.

ಹಾಡು ನೋಡಿ ಸಾಣಾಪುರಕ್ಕೆ ತೆಪ್ಪದಾಗ ಕೂರಾಕ ಬಂದ್ರ ಫೋನ್ ಮಾಡ್ರಿ. ಮರಕುಂಬಿಗೂ ಕರ್ಕೊಂಡು ಹೋಗ್ತೀನಿ.