ಇಷ್ಟದೇವತೆಯ ಆಯ್ಕೆ: ಕಲ್ಪತರು ನಾಡಿನ ಸುತ್ತಮುತ್ತಲ ಶಾಸನಗಳ ಸಾಕ್ಷ್ಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿಂದೂ ಕುಟುಂಬಗಳಲ್ಲಿ ದೈವದೊಡನೆ ಮನುಷ್ಯನಿಗಿರುವ ಸಂಬಂಧವು ಒಂದೇ ಎಳೆಯದಲ್ಲ. ವಂಶದಿಂದ ಬಂದದ್ದು ಕುಲದೇವತೆ. ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಮನೆತನ ಎಲ್ಲಿಗೆ ವಲಸೆ ಹೋದರೂ ಮದುವೆ, ಮುಡಿ, ನಾಮಕರಣಗಳ ಹೊತ್ತಿಗೆ ಮೂಲಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಯೇ ತೀರಬೇಕು. ವಾಸದಿಂದ ಬಂದದ್ದು ಗ್ರಾಮದೇವತೆ. ತಿಪಟೂರಿನಲ್ಲಿ ಅಂಗಡಿ ತೆರೆದವನು ಎಲ್ಲಿಯವನೇ ಆಗಲಿ, ಕೆಂಪಮ್ಮನ ಜಾತ್ರೆಗೆ ತಲೆಬಾಗುತ್ತಾನೆ. ಇವೆರಡರ ಆಚೆಗೆ, ಒಬ್ಬೊಬ್ಬರ ಅಂತರಂಗಕ್ಕೆ ಸೇರಿದ್ದು ಇಷ್ಟದೇವತೆ. ತಂದೆ ಶಿವಭಕ್ತನಾಗಿದ್ದು ಮಗನು ರಾಮನನ್ನು ನೆನೆಯಬಹುದು. ಸೊಸೆಯು ತವರಿನಿಂದ ತಂದ ಕೃಷ್ಣನ ಪಟವು ಅದೇ ಗೂಡಿನಲ್ಲಿ ಸ್ಥಾನ ಪಡೆಯಬಹುದು. ಈ ಮೂರನೆಯ ಸಂಬಂಧದಲ್ಲಿ ಮಾತ್ರ ಆಯ್ಕೆಯೆಂಬ ಮಾತಿಗೆ ಅರ್ಥವಿದೆ.

'ಇಷ್ಟ' ಎಂಬುದಕ್ಕೆ ಬಯಸಿದ್ದು, ಪ್ರಿಯವಾದದ್ದು ಎಂಬ ಅರ್ಥವಿರುವಂತೆಯೇ 'ಯಜ್' ಧಾತುವಿನಿಂದ ಪೂಜಿಸಲ್ಪಟ್ಟದ್ದು ಎಂಬ ಅರ್ಥವೂ ಉಂಟು. ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಸ್ವಾಧ್ಯಾಯದ ಫಲವನ್ನು ಹೇಳುವಲ್ಲಿ ಇಷ್ಟದೇವತೆಯ ಪ್ರಸ್ತಾಪ ಬರುತ್ತದೆ. ಸ್ಮಾರ್ತರ ಪಂಚಾಯತನ ಪೂಜೆಯು ಈ ತತ್ತ್ವಕ್ಕೆ ಕಣ್ಣಿಗೆ ಕಾಣುವ ರೂಪವನ್ನು ಕೊಟ್ಟಿತು. ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಈ ಐವರೂ ಒಂದೇ ತಟ್ಟೆಯಲ್ಲಿರುತ್ತಾರೆ. ಉಪಾಸಕನಿಗೆ ಯಾರು ಇಷ್ಟರೋ ಅವರು ನಡುವೆ, ಉಳಿದವರು ಸುತ್ತ. ಯಾರನ್ನೂ ಹೊರಗೆ ಹಾಕದೆ ಒಬ್ಬರನ್ನು ನಡುವೆ ಕೂರಿಸುವ ಈ ಏರ್ಪಾಡು ಜಾಣತನದ್ದೆಂದೇ ಹೇಳಬೇಕು. ಆದರೆ ಹಿಂದೂ ಸಂಪ್ರದಾಯಗಳೆಲ್ಲವೂ ಇದನ್ನು ಒಪ್ಪಿದವೆಂದು ಭಾವಿಸಬಾರದು. ಮಾಧ್ವರಿಗೆ ದೇವತೆಗಳಲ್ಲಿ ತಾರತಮ್ಯವಿದೆ, ವಿಷ್ಣುವೇ ಸರ್ವೋತ್ತಮ. ಅಲ್ಲಿ ಭಕ್ತನ ಅಭಿರುಚಿಗೆ ಎಡೆ ಕಡಿಮೆ. ವೀರಶೈವರ ಇಷ್ಟಲಿಂಗದಲ್ಲಿ 'ಇಷ್ಟ' ಎಂಬ ಶಬ್ದವಿದ್ದರೂ ಅದು ಹಲವರಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಕ್ರಮವಲ್ಲ. ಗುರುವು ದೀಕ್ಷೆಯಿಂದ ಕರುಣಿಸಿದ್ದು, ಪ್ರಾಣವಿರುವವರೆಗೆ ಮೈಮೇಲೆ ಧರಿಸಬೇಕಾದದ್ದು.

ಜೈನ ವಾಚಕರಿಗೆ ಈ ವಿಷಯವು ದೂರದ್ದೆನಿಸಬಹುದು. ನಮಸ್ಕಾರವು ಪಂಚಪರಮೇಷ್ಠಿಗಳ ಗುಣಕ್ಕೆ ಸಲ್ಲುವಂಥದು; ತೀರ್ಥಂಕರನು ವರ ಕೊಡುವವನಲ್ಲ, ಶಪಿಸುವವನೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದನ್ನು ದೇವತಾಮೂಢತೆಯೆಂದು ಎಣಿಸಿದ್ದಾರೆ. ಸಿದ್ಧಾಂತ ಇಷ್ಟು ಸ್ಪಷ್ಟ. ಆಚರಣೆ ಇಷ್ಟು ಸ್ಪಷ್ಟವಲ್ಲ ಎಂಬುದನ್ನು ಹೊಂಬುಜದ ಪದ್ಮಾವತಿಯ ಸನ್ನಿಧಿಯಲ್ಲಿ ಹರಕೆ ಹೊತ್ತು ನಿಂತವರನ್ನು ಕಂಡ ಯಾರೂ ಅಲ್ಲಗಳೆಯರು. ತಿಪಟೂರಿನ ಬಳಿಯ ದಸರೀಘಟ್ಟದಲ್ಲಿ ಚೌಡೇಶ್ವರಿಯ ಕಳಶವು ಬರೆದು ಕೊಡುವ ಉತ್ತರಕ್ಕಾಗಿ ಕಾದಿರುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಆದುದರಿಂದ ಒಂದೇ ಮನೆಯಲ್ಲಿ, ಒಂದೇ ಊರಿನಲ್ಲಿ ಭಿನ್ನ ಇಷ್ಟಗಳುಳ್ಳವರು ಹೇಗೆ ಬಾಳಬೇಕೆಂಬುದು ಜೈನರಿಗೂ ಪ್ರಶ್ನೆಯೇ. ಅದಕ್ಕೆ ಪೂರ್ವಿಕರು ಕೊಟ್ಟ ಉತ್ತರಗಳು ಕಲ್ಲಿನ ಮೇಲಿವೆ.

ಈ ನಾಡಿನ ದೇವಾಲಯಗಳ ಹರಹನ್ನೇ ನೋಡಬಹುದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ನೊಳಂಬರ ಕಾಲದ, ಒಂಬತ್ತನೆಯ ಶತಮಾನದ ಕಲ್ಲೇಶ್ವರವಿದೆ. ಅದೇ ಊರಿನಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವವೂ ಇದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ 1261ರ ಯೋಗಮಾಧವ, ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ. ನೆರೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳ ಶೈಲಿಯ ಶಾಂತಿನಾಥ ಬಸದಿ. ಹುಳಿಯಾರಿನ ಆಚೆ ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿ. ಕಲ್ಲೇಶ್ವರವನ್ನು ಬಿಟ್ಟರೆ, ಒಂದೇ ಅರಸು ಮನೆತನದ ಆಳ್ವಿಕೆಯಲ್ಲಿ, ಬಹುಶಃ ಒಂದೇ ಪರಂಪರೆಯ ರೂವಾರಿಗಳ ಉಳಿಯಿಂದ ಇವೆಲ್ಲ ಮೂಡಿದವು.

ತುಮಕೂರಿನ ಬಳಿಯ ಕೈದಾಳವು ಇಂದು ಜಕಣಾಚಾರಿಯ ಐತಿಹ್ಯದಿಂದ ಪ್ರಸಿದ್ಧ. ಆ ಐತಿಹ್ಯಕ್ಕಿಂತಲೂ ಅಲ್ಲಿಯ ಶಾಸನದ ಸಂಗತಿ ಹೆಚ್ಚು ಮನನೀಯ. ಸುಮಾರು 1150ರಲ್ಲಿ ಮರುಗರೆನಾಡಿನ ಸಾಮಂತ ಬಾಚಿಯು ಅಲ್ಲಿ ಗಂಗೇಶ್ವರ ದೇವಾಲಯವನ್ನೂ ನಾರಾಯಣನ ಗುಡಿಯನ್ನೂ ಕಟ್ಟಿಸಿದನು; ಜೊತೆಗೆ ಜಿನಾಲಯವೊಂದನ್ನೂ ಕಟ್ಟಿಸಿದನು. ಆ ಬಸದಿಗೆ ಭೀಮಜಿನಾಲಯವೆಂದೂ ಕೆರೆಗೆ ಭೀಮಸಮುದ್ರವೆಂದೂ ಹೆಸರಾಯಿತು. ಎರಡೂ ಅವನ ಮಡದಿ ಭೀಮಲೆಯ ಹೆಸರಿನವು. ನಾಲ್ಕು ಸಮಯಗಳಿಗೂ ಆಶ್ರಯನಾದವನೆಂದು ಶಾಸನವು ಅವನನ್ನು ಹೊಗಳುತ್ತದೆ. ಸಾಮಂತನಾದವನು ಪ್ರಜೆಗಳ ಒಲವಿಗಾಗಿ ಎಲ್ಲ ಮತದವರಿಗೂ ಸ್ವಲ್ಪ ಸ್ವಲ್ಪ ಹಂಚಿದನೆಂದು ಲೆಕ್ಕಾಚಾರದ ಮನಸ್ಸು ಹೇಳಬಹುದು. ಇರಬಹುದು. ಆದರೆ ಮಡದಿಯ ಹೆಸರನ್ನು ಶಾಶ್ವತಗೊಳಿಸುವಾಗ ಅವನು ಆಕೆಯ ಹೆಸರನ್ನಿಟ್ಟದ್ದು ಜಿನಾಲಯಕ್ಕೆ. ಇದು ರಾಜಕಾರಣದ ಲೆಕ್ಕಕ್ಕೆ ಪೂರ್ತಿ ಸಿಕ್ಕುವ ಮಾತಲ್ಲ.

ಹೊಯ್ಸಳ ರಾಣಿ ಶಾಂತಲೆಯ ತವರಿನ ಕಥೆ ಇನ್ನೂ ಸ್ಪಷ್ಟವಾದದ್ದು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ ಶ್ರಾವಕಿ. ಮಗಳು ತಾಯಿಯ ದಾರಿ ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಪತಿ ವಿಷ್ಣುವರ್ಧನನು ಅದಕ್ಕೆ ಆರು ವರ್ಷ ಮೊದಲೇ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನನ್ನು ನೆಲೆಗೊಳಿಸಿದ್ದನು. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದ ತುದಿಯಿಂದ ಹಾರಿದಳೆಂಬ ಕಥೆಯು ಜನಜನಿತವಾಗಿದ್ದರೂ ಶಾಸನವು ಆ ಮಾತನ್ನು ಆಡುವುದಿಲ್ಲ. ಕಾದಂಬರಿ, ಪ್ರವಾಸಿ ಮಾರ್ಗದರ್ಶಿಗಳ ಮಾತನ್ನು ಶಾಸನಕ್ಕಿಂತ ಮೇಲೆ ಇಡುವುದು ಉಚಿತವಲ್ಲ. ಮಗಳ ಅಗಲಿಕೆಯ ನಂತರ ಮಾಚಿಕಬ್ಬೆಯು ಬೆಳಗೊಳಕ್ಕೆ ಹೋಗಿ, ಒಂದು ತಿಂಗಳ ಉಪವಾಸದಿಂದ ಸಲ್ಲೇಖನ ವಿಧಿಯಲ್ಲಿ ದೇಹವನ್ನು ತ್ಯಜಿಸಿದಳು. ಶೈವನಾದ ಗಂಡನ ಮನೆಯಲ್ಲಿ ಜೀವನವನ್ನು ಕಳೆದ ಆಕೆಯು ಕೊನೆಯ ಗಳಿಗೆಯಲ್ಲಿಯೂ ತನ್ನ ವ್ರತವನ್ನು ಬಿಡಬೇಕಾಗಿ ಬರಲಿಲ್ಲ.

ವಿಷ್ಣುವರ್ಧನನು ಮತಾಂತರ ಹೊಂದಿದ ಮೇಲೆ ಜೈನರನ್ನು ಪೀಡಿಸಿದನೆಂಬ ಕಥೆಗಳೂ ಉಂಟು. ಅವನದೇ ಕಾಲದ ಶಾಸನಗಳು ಬೇರೆ ಚಿತ್ರವನ್ನು ಕೊಡುತ್ತವೆ. ದಂಡನಾಯಕ ಗಂಗರಾಜನು ಕೊನೆಯವರೆಗೂ ಜೈನನಾಗಿಯೇ ಸೇನೆಯನ್ನು ನಡೆಸಿದನು. ಅವನ ಮರಣಾನಂತರ ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಪೂಜಾರಿಗಳು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಒಯ್ದಾಗ, ಅವನಿಗೆ ಯುದ್ಧದಲ್ಲಿ ಜಯವೂ ಪುತ್ರಜನನವೂ ಒಟ್ಟಿಗೆ ಒದಗಿದ್ದವು. ಅರಸನು ಎದ್ದು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಇಷ್ಟದೇವತೆ ನಾರಾಯಣನೇ ಆಗಿದ್ದರೂ ಗಂಧೋದಕಕ್ಕೆ ಕೈಚಾಚಲು ಅವನಿಗೆ ಸಂಕೋಚವಾಗಲಿಲ್ಲ.

ಹೀಗೆಂದು ಹಿಂದಿನ ಕಾಲವೆಲ್ಲ ಸೌಹಾರ್ದದ್ದೇ ಆಗಿತ್ತೆಂದು ಬರೆಯುವುದು ಸತ್ಯವ್ರತಕ್ಕೆ ಸಲ್ಲದು. 1368ರ ವೇಳೆಗೆ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬೆಳೆದು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳ ಜೈನರು ಬುಕ್ಕರಾಯನಲ್ಲಿ ದೂರಿತ್ತರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಉಳಿಯಿತು. ಬಸದಿಗಳ ಆಡಳಿತ ಮಂಡಲಿಗಳು ಗಮನಿಸಬೇಕಾದದ್ದು ತೀರ್ಪಿನ ಮುಂದಿನ ಭಾಗ. ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯನಿಗೆ, ಒಬ್ಬ ವೈಷ್ಣವನಿಗೆ. ಸೌಹಾರ್ದವನ್ನು ಬರಿಯ ಉಪದೇಶವಾಗಿ ಬಿಡದೆ ಜಮಾ ಖರ್ಚಿನ ಬಾಬತ್ತಾಗಿ ಬರೆಸಿದ್ದರಿಂದಲೇ ಈ ಶಾಸನಕ್ಕೆ ತೂಕ ಬಂದಿದೆ.

ಬೇಲೂರಿನ 1397ರ ಶಾಸನದ ಪ್ರಾರಂಭದ ಶ್ಲೋಕವು ಶೈವರ ಶಿವ, ವೇದಾಂತಿಗಳ ಬ್ರಹ್ಮ, ಬೌದ್ಧರ ಬುದ್ಧ, ಜೈನರ ಅರ್ಹಂತ ಎಲ್ಲರೂ ಕೇಶವನೇ ಎನ್ನುತ್ತದೆ. ಸಭೆಗಳಲ್ಲಿ ಇದನ್ನು ಪದೇ ಪದೇ ಉದಾಹರಿಸುವುದುಂಟು. ಔದಾರ್ಯದ ಮಾತೇ ಸರಿ. ಆದರೆ ಅರ್ಹಂತನು ಕೇಶವನ ಇನ್ನೊಂದು ಹೆಸರೆಂಬುದನ್ನು ಶ್ರಾವಕನು ತತ್ತ್ವತಃ ಒಪ್ಪಲಾರನು. ಎಲ್ಲವೂ ಒಂದೇ ಎಂದು ಹೇಳಿದರೆ ಮಾತ್ರ ಗೌರವ, ಬೇರೆಯೆಂದರೆ ಅಗೌರವ ಎಂಬ ಭಾವನೆ ಬೆಳೆಯಬಾರದು. ಬೇರೆಯೆಂದು ತಿಳಿದೂ ಗೌರವಿಸುವುದು ಅನೇಕಾಂತಕ್ಕೆ ಹೆಚ್ಚು ಹತ್ತಿರ.

1638ರಲ್ಲಿ ಹಳೇಬೀಡಿನ ಅದೇ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬಾತನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಕಲಹವು ವೀರಶೈವ ಮುಖಂಡರ ಮುಂದೆ ಬಂದಿತು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆಯನ್ನು ನಡೆಸಿಕೊಳ್ಳಬಹುದೆಂದು ಅವರು ತೀರ್ಮಾನಿಸಿದರು. ಇದಕ್ಕೆ ಅಡ್ಡಿಪಡಿಸಿದವನು ಶಿವದ್ರೋಹಿಯೆಂದು ತಮ್ಮವರಿಗೇ ಕಟ್ಟುಮಾಡಿದರು. ಪೂಜೆ ಉಳಿಯಿತು, ಆದರೆ ಷರತ್ತಿನ ಮೇಲೆ. ಇದನ್ನು ಸಮಾನರ ಒಪ್ಪಂದವೆನ್ನಲಾಗದು. ಆದರೂ ತಮ್ಮವನ ಅತಿಕ್ರಮವನ್ನು ತಾವೇ ಮುಂದುವರಿಸದೆ ನಿಲ್ಲಿಸಿದ ಆ ಮುಖಂಡರ ವಿವೇಕವನ್ನು ಮರೆಯಬಾರದು.

ಇಂದು ಕಂಬದ ಮೇಲೆ ಮುದ್ರೆ ಒತ್ತುವ ಕಲಹಗಳು ವಿರಳ. ಪ್ರಶ್ನೆ ಏಳುವುದು ಹೆಚ್ಚಾಗಿ ಮನೆಯೊಳಗೆ. ಬೇರೆ ಸಮಾಜದಿಂದ ಬಂದ ಸೊಸೆ ತನ್ನ ದೇವರ ಪಟವನ್ನು ಎಲ್ಲಿಡಬೇಕು? ಹೊರಗೆ ಮದುವೆಯಾದ ಮಗಳು ಪರ್ಯೂಷಣದಲ್ಲಿ ಉಪವಾಸ ಮಾಡಲು ಅತ್ತೆಯ ಮನೆ ಬಿಡುವುದೇ? ಕುಲದೇವತೆಗೆ ಹರಕೆ ತೀರಿಸಿದವನನ್ನು ಬಸದಿಯ ಟ್ರಸ್ಟಿನಿಂದ ದೂರವಿಡಬೇಕೆ? ಇಂಥವುಗಳನ್ನು ಚರ್ಚಿಸುವಾಗ ಸಿದ್ಧಾಂತದ ಮಾತು ಬೇಗ ಮುಗಿಯುತ್ತದೆ. ನಡವಳಿಕೆಯ ಮಾತು ಮುಗಿಯುವುದಿಲ್ಲ. ಹಿಂಸೆಯ ಹರಕೆಯನ್ನು ಯಾವ ಶ್ರಾವಕನೂ ಯಾವ ಬಾಂಧವ್ಯಕ್ಕಾಗಿಯೂ ಒಪ್ಪಲಾಗದು, ಅದೊಂದು ಗೆರೆ. ಆ ಗೆರೆಯ ಈಚೆಗೆ ಬಹಳ ಸ್ಥಳವಿದೆ.

ಈ ಸ್ಥಳದಲ್ಲಿ ಹೇಗೆ ನಡೆದುಕೊಳ್ಳಬಹುದೆಂಬುದಕ್ಕೆ ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ನಿದರ್ಶನವಿದೆ. ಆತನು ಶಿವಭಕ್ತನಾದ ಬ್ರಾಹ್ಮಣ. ಪತ್ನಿ ಆಚಿಯಕ್ಕ ಜೈನಳು. ಆಕೆಯು 1181ರಲ್ಲಿ ಶ್ರವಣಬೆಳಗೊಳದಲ್ಲಿ ಪಾರ್ಶ್ವನಾಥನಿಗೆ ಬಸದಿಯನ್ನು ಕಟ್ಟಿಸಿದಳು. ಕಟ್ಟಿದ ಮೇಲೆ ನಿತ್ಯಪೂಜೆಗೆ ಆದಾಯ ಬೇಕಷ್ಟೆ. ಟ್ರಸ್ಟುಗಳನ್ನು ನಡೆಸುವವರಿಗೆ ಈ ಚಿಂತೆಯನ್ನು ವಿವರಿಸಬೇಕಾಗಿಲ್ಲ. ಆಗ ಚಂದ್ರಮೌಳಿಯು ತಾನು ಪೂಜಿಸದ ದೇವರಿಗಾಗಿ ಅರಸನನ್ನು ಬೇಡಿದನು. ಬಲ್ಲಾಳನು ಬೊಮ್ಮೆಯನಹಳ್ಳಿಯನ್ನು ದತ್ತಿಯಾಗಿ ಬಿಟ್ಟನು. ಚಂದ್ರಮೌಳಿ ಜೈನನಾಗಲಿಲ್ಲ, ಆಚಿಯಕ್ಕ ಶೈವಳಾಗಲಿಲ್ಲ. ತುರುವೇಕೆರೆಯಿಂದ ಅರ್ಧ ದಿನದ ಪ್ರಯಾಣವೂ ಅಲ್ಲದ ಬೆಳಗೊಳದ ಊರೊಳಗೆ ಆ ಬಸದಿಯು ಇಂದಿಗೂ ಅಕ್ಕನ ಬಸದಿಯೆಂಬ ಹೆಸರಿನಿಂದಲೇ ನಿಂತಿದೆ. ಅಲ್ಲಿಯ ಶಾಸನದಲ್ಲಿ ಆಕೆಯ ಹೆಸರಿನೊಡನೆ ಗಂಡನ ಹೆಸರೂ ಇದೆ.