ದೇಸಾಯಿ

ಮರಾಠಿ, ಗುಜರಾತಿ, ಕೊಂಕಣಿ ಮತ್ತು ಉತ್ತರ ಕರ್ನಾಟಕದ ಕನ್ನಡಕ್ಕೆ ಸಾಮಾನ್ಯವಾದ ಹುದ್ದೆಯ ಹೆಸರು, ಈಗ ಅಡ್ಡಹೆಸರು. ಸಂಸ್ಕೃತದ ‘ದೇಶಸ್ವಾಮಿ’ ಸವೆದು ಹೀಗಾಯಿತೆಂಬ ವ್ಯುತ್ಪತ್ತಿ ಹೆಚ್ಚು ಪ್ರಚಲಿತ. ಇಲ್ಲಿನ ‘ದೇಶ’ ಎಂದರೆ ಪರಗಣೆ, ಅಷ್ಟೇ. ಪೋರ್ಚುಗೀಸರ ಬರಹಗಳಿಗೂ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿಗೂ ಈ ಪದ ಹೊಕ್ಕಿದೆ.

ರಟ್ಟರು ಸುಗಂಧವರ್ತಿಯಿಂದ (ಈಗಿನ ಸವದತ್ತಿ) ಕೂಂಡಿ ಮೂರುಸಾಸಿರವನ್ನು ಆಳುತ್ತಿದ್ದ ಕಾಲಕ್ಕೆ ನಾಡಿನ ಮುಖ್ಯಸ್ಥ ‘ನಾಡಗಾವುಂಡ’. ಮುಂದೆ ಬಿಜಾಪುರದ ಆದಿಲಶಾಹಿ ಆಡಳಿತದಲ್ಲಿ ಕಂದಾಯ ವಸೂಲಿ ದೇಸಾಯಿಯದು, ಲೆಕ್ಕ ದೇಶಪಾಂಡೆಯದು. ಹಳೆಯ ಕನ್ನಡ ಪದವೂ ಸಾಯಲಿಲ್ಲ, ನಾಡಗೌಡ ಮನೆತನಗಳ ಹೆಸರಿನಲ್ಲಿ ಉಳಿಯಿತು.

ಗೊಂದಲವಿರುವುದು ಕಿತ್ತೂರಿನ ವಿಷಯದಲ್ಲಿ. ಬಿಜಾಪುರದ ಸೇನೆಯಲ್ಲಿದ್ದ ಸಾಗರದ ಮಲ್ಲಶೆಟ್ಟಿ ಸಹೋದರರು ಹುಬ್ಬಳ್ಳಿ ಪ್ರಾಂತದ ಸರದೇಶಮುಖಿ (ವಸೂಲಿಯ ಹಕ್ಕು) ಪಡೆದು 1585ರಲ್ಲಿ ಸಂಪಗಾವಿಯಲ್ಲಿ ನೆಲೆಯೂರಿದರೆಂದು ಮನೆತನದ ಇತಿಹಾಸ ಹೇಳುತ್ತದೆ. ಅಲ್ಲಪ್ಪಗೌಡ ಸರದೇಸಾಯಿ ಗದ್ದುಗೆಯನ್ನು ಕಿತ್ತೂರಿಗೆ ತಂದ. ಹೀಗೆ ವಸೂಲಿಯ ಹಕ್ಕಿನಿಂದ ಹುಟ್ಟಿದ ಮನೆತನ ಕೋಟೆ ಕಟ್ಟಿತು, ಸೈನ್ಯ ಸಾಕಿತು, ನ್ಯಾಯ ತೀರ್ಮಾನಿಸಿತು. ಜನರ ಬಾಯಲ್ಲಿ ಅವರು ದೊರೆಗಳು, ಚನ್ನಮ್ಮ ರಾಣಿ. ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿ ಮಾತ್ರ ಕೊನೆಯವರೆಗೂ ‘ಕಿತ್ತೂರಿನ ದೇಸಾಯಿ’. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಅವನ ದತ್ತಕವನ್ನು ಒಪ್ಪಲಿಲ್ಲ. ಜಗಳದ ಬುಡದಲ್ಲಿದ್ದದ್ದು ಇದೇ ಪ್ರಶ್ನೆ: ಕಿತ್ತೂರು ಸರಕಾರ ಕೊಟ್ಟ ವತನವೋ (ಹುದ್ದೆಗೆ ಅಂಟಿದ ಆಸ್ತಿ), ಸ್ವಂತ ಸಂಸ್ಥಾನವೋ? ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಲ್ಲಿದ್ದ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ದೇಸಗತಿಯನ್ನೂ (ದೇಸಾಯಿಯ ಹುದ್ದೆ, ಆಸ್ತಿ) ಸಂಸ್ಥಾನವನ್ನೂ ಒಂದೇ ಎಂದು ಬರೆಯುವ ಪುಸ್ತಕಗಳು ಈ ತಕರಾರನ್ನೇ ಮರೆಸಿಬಿಡುತ್ತವೆ. ಇದಕ್ಕೆ ಹೋಲಿಸಿದರೆ ಪಕ್ಕದ ರಾಮದುರ್ಗದ ಭಾವೆ ಮನೆತನ ದೇಸಾಯರದಲ್ಲ. ರಾಮದುರ್ಗ 1948ರವರೆಗೂ ಸಂಸ್ಥಾನವಾಗಿಯೇ ಇತ್ತು.

ಸವದತ್ತಿ ಸೀಮೆಯಲ್ಲಿ ಪದಕ್ಕೆ ಇನ್ನೊಂದು ಬಣ್ಣ ಬಂದದ್ದು ಶಿರಸಂಗಿಯ ಲಿಂಗರಾಜ ದೇಸಾಯಿ (1861–1906) ಅವರಿಂದ. ನವಲಗುಂದ-ಶಿರಸಂಗಿ ದೇಸಗತಿಯ ಆಸ್ತಿಯನ್ನು ಅವರು ಲಿಂಗಾಯತ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು (1933) ಅವರ ಹೆಸರಿನದು.

ಮುಂಬಯಿ ಸರಕಾರದ 1950ರ ಪರಗಣೆ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ಹುದ್ದೆಯ ಹಕ್ಕುಗಳನ್ನು ಕಿತ್ತುಹಾಕಿತು. ಹೆಸರು ಜಾತಿ ಹೇಳುವುದಿಲ್ಲ: ಇಲ್ಲಿ ಲಿಂಗಾಯತರಲ್ಲೂ ಬ್ರಾಹ್ಮಣರಲ್ಲೂ ದೇಸಾಯರಿದ್ದಾರೆ; ಮೊರಾರ್ಜಿ ದೇಸಾಯಿ ಗುಜರಾತಿನ ಅನಾವಿಲ ಬ್ರಾಹ್ಮಣರು.